ಗಂಗವ್ವ ಸತ್ತಳೋ ಉಳಿದಳೋ

ಗಂಗಾವತಿಯ ಒಂದು ಟಾಕೀಜಿನಲ್ಲಿ ಹೆಂಗಸರ ಕಡೆಯ ಬಾಗಿಲು ಇಮಾಮಬಾನುವಿನದು. ಟಿಕೆಟ್ ಹರಿಯುವುದು, ಅಳುವ ಕೂಸುಗಳನ್ನು ತಾಯಂದಿರ ಸಮೇತ ಹೊರಗೆ ಸಾಗಿಸುವುದು, ಬೆಂಚಿನ ಮೇಲೆ ಕಾಲು ಮಡಚಿ ಕೂತು ಇಬ್ಬರ ಜಾಗ ನುಂಗುವವರನ್ನು ಬಯ್ಯುವುದು, ಇಷ್ಟಕ್ಕೆ ಮಾಲಕ ಗವಿಸಿದ್ದಪ್ಪ ಸಾವುಕಾರರು ಅವಳಿಗೆ ಸಂಬಳ ಕೊಡುತ್ತಿದ್ದರು. ಸಂಬಳವಿಲ್ಲದೆ ಅವಳು ಮಾಡುತ್ತಿದ್ದ ಕೆಲಸ ಇನ್ನೊಂದಿತ್ತು. ಇಂಗ್ಲಿಷ್ ಸಿನಿಮಾ ಬಂದರೆ ಕಂಬಕ್ಕೆ ಒರಗಿ ನಿಂತು ಹೆಂಗಸರಿಗೆಲ್ಲ ಕೇಳುವಂತೆ ಕಥೆ ಹೇಳುವುದು.

ಅವಳಿಗೆ ಇಂಗ್ಲಿಷ್ ಬರುತ್ತಿತ್ತೆಂದು ಯಾರೂ ತಿಳಿಯಬಾರದು. ಉರ್ದು ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದೇ ಅವಳ ವಿದ್ಯೆ. ಆದರೆ ಮುಖ ನೋಡಿ ಮನಸ್ಸು ಹೇಳುವ ಹೆಂಗಸು. ತೆರೆಯ ಮೇಲಿನವರು ತುಟಿ ಅಲ್ಲಾಡಿಸಿದರೆ ಸಾಕು, ಇವಳ ಬಾಯಲ್ಲಿ ಮಾತು ಸಿದ್ಧವಾಗಿರುತ್ತಿತ್ತು. ಗಂಡಸರ ಕಡೆಯ ಮುಂದಿನ ಬೆಂಚಿನವರೂ ತಮಗೆ ಎಲ್ಲ ತಿಳಿಯುತ್ತದೆ ಎಂಬಂತೆ ಮೀಸೆ ಸವರುತ್ತ ಒಂದು ಕಿವಿಯನ್ನು ಇತ್ತ ಕೊಟ್ಟೇ ಕೂತಿರುತ್ತಿದ್ದರು.

ಎಂಬತ್ತೆರಡರಲ್ಲಿ ಒಂದು ಸಿನಿಮಾ ಬಂತು. ಅದರ ನಿಜವಾದ ಹೆಸರು ಊರಲ್ಲಿ ಯಾರ ನಾಲಗೆಗೂ ಹೊರಳಲಿಲ್ಲ. ಬೋರ್ಡು ಬರೆಯುವವನು ತಾನೇ ಯೋಚಿಸಿ 'ಆಕಾಶದ ಲೋಳೆ' ಎಂದು ಬರೆದ. ಚುಕ್ಕಿಗಳ ನಡುವೆ ತೇಲುವ ಒಂದು ಹಡಗು, ಅದರ ನೀರಿನ ಟಾಕಿಯಲ್ಲಿ ಬೆಳೆದು ಜನರನ್ನು ಒಬ್ಬೊಬ್ಬರಾಗಿ ನುಂಗುವ ಲೋಳೆಯಂಥ ಪ್ರಾಣಿ, ಕೊನೆಗೆ ಒಬ್ಬಳೇ ಉಳಿದು ಅದನ್ನು ಹೊರಗೆ ಅಟ್ಟುವ ಹೆಣ್ಣು. ಆ ಹೆಣ್ಣಿಗೆ ಇಮಾಮಬಾನು ಗಂಗವ್ವ ಎಂದು ಹೆಸರಿಟ್ಟಳು. ಅಕ್ಕಿ ಗಿರಣಿಯಲ್ಲಿ ದುಡಿಯುವವರು ಬಂದರು, ಭತ್ತ ಬೆಳೆಯುವ ಕ್ಯಾಂಪುಗಳ ಹೆಂಗಸರು ಟ್ರ್ಯಾಕ್ಟರು ಮಾಡಿಕೊಂಡು ಬಂದರು. ಗಂಗವ್ವ ಗೆದ್ದಾಗ ಅವರು ಹಾಕಿದ ಕೇಕೆಗೆ ತಗಡಿನ ಸೂರು ನಡುಗಿತು.

ಎರಡು ವರ್ಷದ ಮೇಲೆ ಅದರ ಎರಡನೆಯ ಭಾಗ ಬಂತು. ಶನಿವಾರ ಮಧ್ಯಾಹ್ನ ಮೊದಲ ಆಟ. ಉಳಿದವರಂತೆ ಇಮಾಮಬಾನು ಕೂಡ ಅದನ್ನು ಆಗಲೇ ಮೊದಲ ಸಲ ನೋಡಿದ್ದು, ಕಂಡದ್ದನ್ನು ಕಂಡಂತೆ ಹೇಳಿದಳು. ಗಂಗವ್ವ ಭೂಮಿಗೆ ಮರಳಿದ್ದಾಳೆ, ಬಸುರಿಯಾಗಿದ್ದಾಳೆ. ಮಧ್ಯಂತರದ ಹೊತ್ತಿಗೆ ಡಾಕ್ಟರುಗಳು ಕಂಡುಹಿಡಿಯುತ್ತಾರೆ, ಹೊಟ್ಟೆಯಲ್ಲಿರುವುದು ಕೂಸಲ್ಲ, ಲೋಳೆ. ಕೊನೆಗೆ ಅವಳು ಒಬ್ಬಳೇ ಹಡಗು ಹತ್ತಿ ಬಾಗಿಲು ಹಾಕಿಕೊಂಡು ಸೂರ್ಯನತ್ತ ಹೋಗುತ್ತಾಳೆ. ತೆರೆಯ ತುಂಬ ಬೆಳ್ಳನೆಯ ಬೆಳಕು. ಕೆಳಗೆ ಜನರು ಟೋಪಿ ತೆಗೆದು ಕಣ್ಣೀರು ಹಾಕುತ್ತ ನಿಂತಿದ್ದಾರೆ.

"ಹೋದಳವ್ವಾ ನಮ್ಮ ಗಂಗವ್ವ. ಹೊಟ್ಟ್ಯಾಗಿಂದನ್ನೂ ಸಂಗಾಟ ತಗೊಂಡು ಸೂರ್ಯಾನಾಗ ಬಿದ್ದಳು" ಎಂದು ಇಮಾಮಬಾನು ಮುಗಿಸಿದಳು.

ಹೆಂಗಸರ ಕಡೆ ಅಲ್ಲೇ ಎರಡು ಹೋಳಾಯಿತು. "ಹಿಂದಿನ ಸಲ ಅಷ್ಟು ಕಷ್ಟಪಟ್ಟು ಉಳದಾಕಿನ್ನ ಇದಕ್ಕ ಉಳಿಸಿದ್ರೇನು?" ಎಂದು ಕೆಲವರು ತೆರೆಯತ್ತ ಕೈ ಮಾಡಿ ಬಯ್ದರು. ಗಿರಣಿಯ ಪಕ್ಕೀರವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಂದಿ ಬದುಕ್ಲಿ ಅಂತ ತಾನು ಹೋದಳು. ಇದ ಛಲೋ ಸಿನಿಮಾ" ಎಂದು ಪಟ್ಟು ಹಿಡಿದಳು. ಮನೆಗೆ ಹೋಗುವ ದಾರಿಯಲ್ಲೆಲ್ಲ ಅದೇ ಜಗಳ.

ಮರುದಿನ ಭಾನುವಾರದ ಆಟಕ್ಕೆ ಬಸುರಿಯರನ್ನು ಒಳಗೆ ಬಿಡಬಾರದೆಂದು ಇಮಾಮಬಾನು ನಿರ್ಧರಿಸಿಯೇ ಬಂದಿದ್ದಳು. ಆದರೆ ನೂಕುನುಗ್ಗಲು ಹೇಗಿತ್ತೆಂದರೆ ಟಿಕೆಟ್ ಚಾಚುವ ಕೈಗಳನ್ನು ಬಿಟ್ಟರೆ ಅವಳಿಗೆ ಬೇರೇನೂ ಕಾಣಲಿಲ್ಲ. ಮಧ್ಯಂತರದಲ್ಲಿ ದೀಪ ಹತ್ತಿತು. ಮೂರನೆಯ ಸಾಲಿನ ತುದಿಯಲ್ಲಿ, ಕಂಬದಿಂದ ನಾಲ್ಕೇ ಮಾರು ದೂರದಲ್ಲಿ ಪಂಪಮ್ಮ ಕೂತಿದ್ದಳು.

ಪಂಪಮ್ಮ ಇಮಾಮಬಾನುವಿನ ಪಕ್ಕದ ಮನೆಯ ಸೊಸೆ. ಎರಡೂ ಮನೆಗೆ ಗೋಡೆ ಒಂದೇ. ಮದುವೆಯಾದ ಐದು ವರ್ಷದಲ್ಲಿ ಎರಡು ಕೂಸು ಕಳೆದುಕೊಂಡವಳು, ಒಂದು ಆರನೆಯ ತಿಂಗಳಲ್ಲಿ, ಒಂದು ಹುಟ್ಟುತ್ತಲೇ. ಎರಡು ಸಲವೂ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಇಮಾಮಬಾನು. ಈಗ ಮತ್ತೆ ಎಂಟು ತುಂಬಿತ್ತು. ಗ್ರಹಣ ಹಿಡಿದರೆ ಕದ ತೆರೆಯಗೊಡದ ಅತ್ತೆ ವಿರೂಪಾಕ್ಷಮ್ಮ ನೆಂಟರ ನಿಶ್ಚಿತಾರ್ಥಕ್ಕೆಂದು ಎರಡು ದಿನ ಕುಷ್ಟಗಿಗೆ ಹೋಗಿದ್ದೇ ತಡ, ಈ ಹುಡುಗಿ ಟಾಕೀಜಿಗೆ ಬಂದು ಕೂತಿದೆ.

"ಏಳು. ಮನಿಗೆ ನಡಿ" ಎಂದು ಇಮಾಮಬಾನು ಅವಳ ರಟ್ಟೆ ಹಿಡಿದಳು.

"ಅರ್ಧಕ್ಕ ಎದ್ದು ಹೋದ್ರ ಆ ಅರ್ಧಾನ ತಲ್ಯಾಗ ಕುಂದರತೈತಿ, ಬಾನಕ್ಕ. ಕಡೀಗೆ ಏನಾಕ್ಕೈತಿ ಕೇಳೇ ಹೋಗ್ತೀನಿ" ಎಂದಳು ಪಂಪಮ್ಮ. ಮುಖ ಬೆವೆತಿತ್ತು. ಕೈ ಹೊಟ್ಟೆಯ ಮೇಲಿತ್ತು.

ಅಷ್ಟರಲ್ಲಿ ದೀಪ ಆರಿತು. ಇಮಾಮಬಾನು ಕಂಬಕ್ಕೆ ಒರಗಿದಳು. ಕಥೆ ಹೇಳುವ ಹೆಂಗಸಿಗೆ ಒಂದು ಮರ್ಯಾದೆ ಇರುತ್ತದೆ, ಅದನ್ನು ಅವಳು ಹತ್ತು ವರ್ಷ ಜೋಪಾನ ಮಾಡಿದ್ದಳು. ಆ ಹೊತ್ತಿಗೆ ಮರ್ಯಾದೆ ಹಾಳಾಗಿ ಹೋಗಲಿ ಎನ್ನಿಸಿತು. ತೆರೆಯ ಮೇಲೆ ಗಂಗವ್ವನ ಹೊಟ್ಟೆ ಅಲೆ ಎದ್ದಂತೆ ಕದಲಿತು, ಡಾಕ್ಟರುಗಳು ಹೆದರಿ ಹಿಂದೆ ಸರಿದರು.

"ನೋಡ್ರವ್ವಾ, ಕೂಸು ಒದೀಲಿಕ್ಕತ್ತೈತಿ! ಒಮ್ಮೆ ಸೈತ ಹಡದವರಲ್ಲ ಈ ಗಂಡಸ್ರು, ಇದನ್ನ ಲೋಳಿ ಅಂತಾರ. ಭಾಳ ಓದ್ಯಾರ, ಹೊಟ್ಟಿ ಮ್ಯಾಲೆ ಕೈ ಇಟ್ಟು ನೋಡಿಲ್ಲ" ಎಂದು ಶುರು ಮಾಡಿದಳು.

ಹೆಂಗಸರು ನಕ್ಕರು. ನಗು ಕೇಳಿ ಅವಳಿಗೆ ಧೈರ್ಯ ಬಂತು. ಅವಳ ಕಥೆಯಲ್ಲಿ ಡಾಕ್ಟರುಗಳಿಂದ ತಪ್ಪಿಸಿಕೊಂಡು ಗಂಗವ್ವ ಹಡಗು ಹತ್ತಿದ್ದು ದೊಡ್ಡ ದವಾಖಾನೆಗೆ ಹೋಗಲು. ಬೆಳ್ಳನೆಯ ಬೆಳಕು ಆ ದವಾಖಾನೆಯ ದೀಪಗಳದು. ಟೋಪಿ ತೆಗೆದು ಅಳುವ ಜನರು ಬಂದಾಗ ಮಾತ್ರ ಒಂದು ಗಳಿಗೆ ಮಾತು ಹುಡುಕಬೇಕಾಯಿತು. ಬಿಡಲಿಲ್ಲ.

"ತಂತಿ ಬಂತು! ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಛಲೋ ಅದಾರ. ಆ ದೇಶದಾಗ ಖುಷಿಯಾದ್ರ ಟೊಪ್ಪಿಗಿ ತಗೀತಾರ್ರವ್ವಾ!"

ಪಂಪಮ್ಮ ಎದ್ದು, ಸೆರಗು ಸರಿ ಮಾಡಿಕೊಂಡು ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ನಲ್ಲಿಯ ಕಟ್ಟೆ ರಣರಂಗವಾಯಿತು. ಶನಿವಾರದವರು ಗಂಗವ್ವ ಸತ್ತಳೆಂದರೆ ಭಾನುವಾರದವರು ಹಡೆದಳೆಂದರು. ಇಬ್ಬರಿಗೂ ಕಥೆ ಹೇಳಿದ್ದು ಒಂದೇ ಬಾಯಿ. ಇಮಾಮಬಾನು ಕೊಡ ಹೊತ್ತು ಬಂದದ್ದೇ ಪಕ್ಕೀರವ್ವ ಅಡ್ಡ ನಿಂತಳು.

"ಬಾ, ನಿನ್ನ ಬಾಯಿಂದನ ಹೇಳು. ಸತ್ತಳೋ ಉಳದಳೋ?"

ಸಣ್ಣ ಬಿಂದಿಗೆ ಹಿಡಿದು ಪಂಪಮ್ಮ ಗೋಡೆಯ ಬದಿಗೆ ನಿಂತಿದ್ದಳು. ಅವಳ ಕಣ್ಣು ಇಮಾಮಬಾನುವಿನ ಮೇಲೇ ಇತ್ತು.

"ಉಳದಾಳ. ಶನಿವಾರ ನಾನ ತಪ್ಪು ಹೇಳೀನಿ. ಮೊದಲನೇ ಸಲ ನೋಡಿದ್ದಲ್ಲಾ, ತಿಳೀಲಿಲ್ಲ."

"ಹಂಗಾದ್ರ ಇಷ್ಟು ವರ್ಷ ನೀ ಹೇಳಿದ್ದರಾಗ ಎಷ್ಟು ಖರೆ, ಎಷ್ಟು ಸುಳ್ಳ?" ಎಂದು ಕೇಳಿದಳು ಪಕ್ಕೀರವ್ವ. ಆ ಮಾತು ಇಮಾಮಬಾನುವಿಗೆ ನಾಟಿತು. ಕೊಡ ತುಂಬಿಸಿಕೊಂಡು ಬಂದಳು.

ಮುಂದಿನ ವಾರ ಹೆಂಗಸರ ಕಡೆ ಅರ್ಧ ಖಾಲಿ. ಬಂದವರೂ "ಬಾನು ಹೇಳಿದ್ದು ಬ್ಯಾಡ, ನಾವ ನೋಡೋಣು" ಎಂದು ದೂರ ಕೂತರು. ಬಾಲ್ಕನಿಗೆ ಬರುವ, ಇಂಗ್ಲಿಷ್ ಬಲ್ಲ ಮುನಿರಾಬಾದ್ ಅಣೆಕಟ್ಟಿನ ಎಂಜಿನಿಯರುಗಳು ಟೋಪಿಯ ವಿಷಯ ತೆಗೆದು ನಕ್ಕದ್ದು ಸಾವುಕಾರರ ಕಿವಿಗೂ ಬಿತ್ತು.

"ಸತ್ತಾಳ ಅಂತ ಒಮ್ಮೆ ಹೇಳಿಬಿಡು, ಬಾನು. ಈ ಗದ್ದಲ ಮುಗೀಲಿ" ಎಂದರು ಗವಿಸಿದ್ದಪ್ಪ.

"ಇನ್ನ ಇಪ್ಪತ್ತು ದಿನ ತಡೀರಿ ಸಾವಕಾರ್ರ. ಆಮ್ಯಾಲೆ ಹೇಳ್ತೀನಿ."

"ಇಪ್ಪತ್ತು ದಿನದಾಗ ಅಕಿ ಏನ್ ಎದ್ದು ಬರ್ತಾಳ?" ಎಂದು ಅವರು ತಲೆ ಕೆರೆದುಕೊಂಡರು.

ಅದಾದ ಹದಿನೆಂಟನೆಯ ದಿನ ಪಂಪಮ್ಮನಿಗೆ ನೋವು ಬಂತು. ಸರಕಾರಿ ದವಾಖಾನೆಯ ಪಡಸಾಲೆಯಲ್ಲಿ ಇಮಾಮಬಾನು, ವಿರೂಪಾಕ್ಷಮ್ಮ ಇಬ್ಬರೂ ಕಲ್ಲಿನ ಮೇಲೆ ಕೂತರು. ಒಳಗಿನಿಂದ ಚೀರಾಟ ಕೇಳಿದಾಗಲೆಲ್ಲ ಇಮಾಮಬಾನುವಿನ ಕಣ್ಣ ಮುಂದೆ ಆ ಕದಲುವ ಹೊಟ್ಟೆ ಬರುತ್ತಿತ್ತು. ಟಾಕೀಜಿನ ಬಾಗಿಲಲ್ಲಿ ನಿಂತವಳು ನಾನು, ಒಳಗೆ ಬಿಟ್ಟವಳು ನಾನು, ಏನಾದರೂ ಆದರೆ ಈ ಮುದುಕಿಯ ಮುಖ ಹೇಗೆ ನೋಡಲಿ ಎಂದು ಅಲ್ಲಾನನ್ನು ಬೇಡಿದಳು. ಪಕ್ಕದಲ್ಲಿ ವಿರೂಪಾಕ್ಷಮ್ಮ ಗವಿಮಠದ ಅಜ್ಜನಿಗೆ ಹರಕೆ ಹೊರುತ್ತಿದ್ದಳು.

ಮಧ್ಯಾಹ್ನ ಎರಡಕ್ಕೆ ಕೂಸು ಅತ್ತಿತು. ಗಟ್ಟಿಯಾಗಿ, ಸಿಟ್ಟಿನಿಂದ, ಯಾರೋ ಜಾಗ ಕಸಿದುಕೊಂಡಂತೆ ಅತ್ತಿತು. ನರ್ಸಮ್ಮ ಕದ ಸರಿಸಿ, "ಹೆಣ್ಣು. ತಾಯಿ ಕೂಸು ಇಬ್ಬರೂ ಆರಾಮ" ಎಂದಳು.

ವಿರೂಪಾಕ್ಷಮ್ಮ ಇಮಾಮಬಾನುವನ್ನು ತಬ್ಬಿಕೊಂಡು ಅತ್ತಳು. ಇಮಾಮಬಾನುವಿಗೆ ಮಾತ್ರ ನಗು ಬಂತು. ಆ ಭಾನುವಾರದಿಂದ ಎದೆಯ ಮೇಲೆ ಹೊತ್ತುಕೊಂಡಿದ್ದ ಕಲ್ಲು ಇಳಿದು, ಮೈ ಹಗುರವಾಗಿ, ಹಸಿವು ಕೂಡ ಆಯಿತು. ಎಂಥ ಹಸಿವೆಂದರೆ ವಿರೂಪಾಕ್ಷಮ್ಮ ಕಟ್ಟಿ ತಂದಿದ್ದ ರೊಟ್ಟಿ ಮೂರನ್ನೂ ಅಲ್ಲೇ ತಿಂದಳು.

ಆಮೇಲೆ ಒಳಗೆ ಹೋದಳು. ಕೂಸು ಕೆಂಪಗೆ ಮಲಗಿತ್ತು. ಪಂಪಮ್ಮ ಅವಳನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು, "ಬಾನಕ್ಕ, ಬಯ್ಯಬಾರ್ದು. ನಾ ಶನಿವಾರನೂ ಬಂದಿದ್ದೆ."

"ಯಾವ ಶನಿವಾರ?"

"ಗಂಗವ್ವ ಸತ್ತ ಶನಿವಾರ. ದೀಪ ಆರಿದ ಮ್ಯಾಲೆ ಬಂದು ಹಿಂದಿನ ಸಾಲಿನಾಗ ಕುಂತೆ, ಮಧ್ಯಂತರದಾಗ ಮುಖದ ಮ್ಯಾಲೆ ಸೆರಗು ಎಳಕೊಂಡೆ, ಕಡೀಗೆ ದೀಪ ಹತ್ತೂದ್ರಾಗ ಎದ್ದು ಹೋದೆ. ನೀ ಹೇಳಿದ್ದೆಲ್ಲ ಕೇಳೀನಿ."

ಇಮಾಮಬಾನು ಮಂಚದ ತುದಿ ಹಿಡಿದು ಕೂತಳು. "ಮತ್ತ ಆದಿತ್ಯವಾರ ಯಾಕ ಬಂದಿ, ಹುಚ್ಚಿ?"

"ನಿನ್ನ ಕಣ್ಣಿಗೆ ಬೀಳಾಕ ಬಂದೆ. ಹಿಂದಿನ ಎರಡೂ ಸಲ ನನ್ನ ತಲಿ ತೊಡಿ ಮ್ಯಾಲೆ ಇಟ್ಗೊಂಡು ಕುಂತಾಕಿ ನೀನು. ಎದುರಿಗೆ ನಾ ಕುಂತಿದ್ರ ಗಂಗವ್ವನ್ನ ನೀ ಸಾಯಾಕ ಬಿಡೂದಿಲ್ಲ ಅಂತ ಗೊತ್ತಿತ್ತು."

ಇಮಾಮಬಾನು ಆಗ ಅತ್ತಳು. ಅತ್ತು ಮುಗಿಸಿ, ಅವಳ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟು, ಕೂಸಿನ ಹಣೆ ಮುಟ್ಟಿ ಹೊರಗೆ ಬಂದಳು.

ಸಂಜೆ ನಲ್ಲಿಯ ಕಟ್ಟೆಯ ಮೇಲೆ ಪಕ್ಕೀರವ್ವ ಮತ್ತವಳ ಗುಂಪು ಕೂತಿತ್ತು. ಬರಿಗೈಯಲ್ಲಿ ಬರುತ್ತಿದ್ದ ಇಮಾಮಬಾನುವನ್ನು ಕಂಡು ಒಬ್ಬಳು ಕೆಣಕಿದಳು, "ಏನಬೇ, ನಿಮ್ಮ ಗಂಗವ್ವ ಇನ್ನೂ ಉಳದಾಳೋ?"

"ಉಳದಾಳ" ಎಂದಳು ಇಮಾಮಬಾನು. ಈ ಸಲ ಮಾತು ಹುಡುಕಬೇಕಾಗಲಿಲ್ಲ. "ಈಗ ದವಾಖಾನ್ಯಾಗ ನೋಡಿ ಬಂದೆ. ಹೆಣ್ಣು ಕೂಸು. ತಾಯಿ ಮಗಳು ಇಬ್ಬರೂ ಛಲೋ ಅದಾರ."

ಪಕ್ಕೀರವ್ವ ಅವಳ ಮುಖ ನೋಡಿದಳು. ಆಮೇಲೆ ಪಂಪಮ್ಮನ ಮನೆಯ ಮುಚ್ಚಿದ ಕದ ನೋಡಿದಳು. ಕಟ್ಟೆಯಿಂದ ಎದ್ದು, ತಲೆಯ ಮೇಲಿನ ಸೆರಗನ್ನು ಟೋಪಿ ತೆಗೆದ ಹಾಗೆ ಹಿಂದಕ್ಕೆ ಸರಿಸಿದಳು.