ಜನ ಕೂತ ಮೇಲೆ ಬಿಗಿಯುವ ಬೋಲ್ಟು

ಶಂಕರಿಯಕ್ಕನ ಕರೆಂಟಿನ ವ್ಯಾನು ಮೂರನೇ ಸಲ ನನ್ನ ಗ್ಯಾರೇಜಿಗೆ ಬಂದದ್ದು ಶನಿವಾರ ಬೆಳಿಗ್ಗೆ. ಗುರುವಾಯನಕೆರೆಯ ರಸ್ತೆಯ ಹಂಪು ದಾಟುವಾಗಲೇ ಅದರ ಹಿಂಬದಿಯ ಟಕ್ ಟಕ್ ನನಗೆ ಕೇಳಿಸಿತ್ತು. ಎಂಜಿನ್ನಿನ ಸದ್ದಿಲ್ಲದ ಗಾಡಿ. ಒಳಗೆ ಏನು ಹಾಳಾದರೂ ಊರಿಗೆಲ್ಲ ಗೊತ್ತಾಗುತ್ತದೆ.

"ನೌಫಲ್, ಮೂರು ತಿಂಗಳಲ್ಲಿ ಮೂರು ಸಲ ಆಯ್ತು," ಎಂದರು ಅವರು ಇಳಿದು. "ಸೋಮವಾರ ನನ್ನ ಗಾಡಿ ಸರಿಯಾಗಿ ಬಾರದಿದ್ರೆ ಮಕ್ಕಳನ್ನೆಲ್ಲ ಬಸ್ಸಿಗೆ ಹಾಕ್ತಾರಂತೆ. ಮತ್ತೆ ನನಗೆ ಓಡಿಸ್ಲಿಕ್ಕೆ ಏನೂ ಇಲ್ಲ."

ವೇಣೂರಿನಿಂದ ಮೂಡುಬಿದಿರೆಯ ಒಂದು ಶಾಲೆಗೆ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಹೋಗುವುದು ಅವರ ಕೆಲಸ. ಹಾಳಾಗುತ್ತಿದ್ದದ್ದು ಹಿಂದಿನ ಎಡಚಕ್ರದ ಕಂಟ್ರೋಲ್ ಆರ್ಮ್. ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಕಬ್ಬಿಣದ ತೋಳು ಅದು. ತೋಳಿನ ತುದಿಯಲ್ಲಿ ರಬ್ಬರಿನ ಬುಷ್ ಇರುತ್ತದೆ, ಅದರ ನಡುವೆ ಬೋಲ್ಟು ಹೋಗುತ್ತದೆ. ಆ ರಬ್ಬರು ಹರಿದರೆ ಚಕ್ರ ಅಲ್ಲಾಡುತ್ತದೆ. ಎರಡು ಸಲ ಹೊಸ ತೋಳು ಹಾಕಿದ್ದೆ. ಎರಡೂ ಸಲ ಹರಿದಿತ್ತು.

ಎರಡನೇ ಸಲ ನಾನೊಂದು ಮಾತು ಹೇಳಿದ್ದೆ: "ಅಕ್ಕ, ನೀವು ಹಂಪಿನಲ್ಲಿ ಸ್ವಲ್ಪ ನಿಧಾನ ಹೋಗ್ಬೇಕು." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮಗುವೊಂದರ ತಾಯಿ ಸಬೀಹಾ ಫೋನ್ ಮಾಡಿ ಏನಾಗಿದೆ ಎಂದು ಕೇಳಿದಾಗ ಅವರಿಗೂ ಅದನ್ನೇ ಹೇಳಿದೆ. ವಾರದೊಳಗೆ ವೇಣೂರಿನಲ್ಲಿ ಶಂಕರಿಯಕ್ಕ ಗಾಡಿಯನ್ನು ಎತ್ತಿಹಾಕಿ ಓಡಿಸುವ ಹೆಂಗಸಾದರು.

ವ್ಯಾನನ್ನು ಲಿಫ್ಟಿಗೇರಿಸಿದೆ. ಬ್ಯಾಟರಿಯ ಸ್ವಿಚ್ಚು ತೆಗೆದೆ, ಚಕ್ರ ಬಿಚ್ಚಿದೆ, ಹಳೆಯ ತೋಳು ಇಳಿಸಿ ಹೊಸತು ಕೂರಿಸಿದೆ. ಬೋಲ್ಟು ಬಿಗಿದು ಕೈ ಒರೆಸಿಕೊಳ್ಳುವಾಗ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಿಂದ ನನ್ನ ತಂದೆ, ಉಪ್ಪ, ಕೇಳಿದರು.

"ಕಾಲು ನೇತಾಡ್ತಾ ಇರುವಾಗಲೇ ಬಿಗಿದಿಯಾ?"

ನನ್ನ ಉಪ್ಪ ಅಬ್ದುಲ್ ಶುಕೂರ್ ಮೂವತ್ತೆಂಟು ವರ್ಷ ಇದೇ ಜಾಗದಲ್ಲಿ ಜೀಪು ರಿಪೇರಿ ಮಾಡಿದವರು. ಈಗ ಮಂಡಿ ಮಡಚಲು ಆಗುವುದಿಲ್ಲ. ದಿನವೂ ಬಂದು ಕೂರುತ್ತಾರೆ, ಕೇಳದಿದ್ದರೆ ಬಾಯಿ ಬಿಡುವುದಿಲ್ಲ. ಅವರಾಗಿಯೇ ಕೇಳಿದ್ದು ಅಪರೂಪ.

"ಲಿಫ್ಟಿನಲ್ಲಿ ಚಕ್ರ ನೇತಾಡುವುದೇ ಅಲ್ವಾ ಉಪ್ಪ?"

"ಕೆಳಗೆ ಇಳಿಸಿದ ಮೇಲೆ?"

ನಾನು ತೋಳಿನ ಕಡೆ ನೋಡಿದೆ. ಕೆಳಗೆ ಇಳಿಸಿದ ಮೇಲೆ ಗಾಡಿಯ ಭಾರ ಬೀಳುತ್ತದೆ, ತೋಳು ಮೇಲಕ್ಕೆ ತಿರುಗುತ್ತದೆ. ಬೋಲ್ಟು ಆಗಲೇ ಬಿಗಿದಿದ್ದರೆ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ, ಒದ್ದೆ ಬಟ್ಟೆ ಹಿಂಡಿ ಹಾಗೇ ಹಿಡಿದಿಟ್ಟಂತೆ. ಕೆಲವೇ ವಾರದಲ್ಲಿ ಹರಿಯುತ್ತದೆ. ಕಂಪೆನಿಯ ಪುಸ್ತಕ ತೆಗೆದು ನೋಡಿದೆ. ಚಕ್ರ ನೆಲದ ಮೇಲಿರುವಾಗಲೇ ಬಿಗಿಯಬೇಕೆಂದು ಒಂದು ಸಾಲು ಇತ್ತು. ನಾನು ಓದಿರಲಿಲ್ಲ. ಮೊಬೈಲಿನಲ್ಲಿ ಆರು ನಿಮಿಷದ ವಿಡಿಯೊ ನೋಡಿ ಕಲಿತಿದ್ದೆ.

"ಜ್ಯಾಕ್ ಕೊಟ್ಟು ಎತ್ತಿ ಬಿಗಿಯುವ," ಎಂದೆ. "ಎಷ್ಟು ಎತ್ತರ ಅಂತ ಇದರಲ್ಲಿ ಉಂಟು."

"ಅದು ಖಾಲಿ ಗಾಡಿಯ ಲೆಕ್ಕ. ಶಂಕರಿ ಖಾಲಿ ಗಾಡಿ ಓಡಿಸ್ತಾಳಾ?"

ಆಗ ನನಗೆ ನೆನಪಾಯಿತು.

ಈಗ ಲಿಫ್ಟ್ ಇರುವಲ್ಲಿ ಮೊದಲು ಗುಂಡಿಯಿತ್ತು. ಕೆಂಪು ಮುರಕಲ್ಲಿನ ನೆಲದಲ್ಲಿ ಕಡಿದ, ಆಳೆತ್ತರದ, ಉದ್ದನೆಯ ಗುಂಡಿ. ಜೀಪು ಅದರ ಮೇಲೆ ತನ್ನ ನಾಲ್ಕು ಚಕ್ರದಲ್ಲೇ ನಿಲ್ಲುತ್ತಿತ್ತು, ಉಪ್ಪ ಕೆಳಗಿರುತ್ತಿದ್ದರು. ನಾನು ಶಾಲೆ ಬಿಟ್ಟು ಬಂದು ಗುಂಡಿಯ ಅಂಚಿನಲ್ಲಿ ಬೋರಲು ಮಲಗುತ್ತಿದ್ದೆ. ಹಳೆ ಆಯಿಲು ಮತ್ತು ಒದ್ದೆ ಮುರಕಲ್ಲಿನ ವಾಸನೆ ಸೇರಿ ಮೇಲೆ ಬರುತ್ತಿತ್ತು. ತಂತಿಬುಟ್ಟಿಯ ಬಲ್ಬು, ಉಪ್ಪನ ಬೆವರಿದ ಬೋಳು ತಲೆ. "ಹದಿನೇಳು" ಎಂದರೆ ಹದಿನೇಳರ ಸ್ಪ್ಯಾನರ್ ಕೆಳಗೆ ಚಾಚಬೇಕು. ತಪ್ಪಿ ಹತ್ತೊಂಬತ್ತು ಕೊಟ್ಟರೆ ಬೈಗುಳವಿಲ್ಲ, ಕೈ ಮಾತ್ರ ಹಾಗೇ ಚಾಚಿಕೊಂಡಿರುತ್ತಿತ್ತು.

ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ಬೋಲ್ಟು ಬಿಗಿಯುವ ಹೊತ್ತಿಗೆ ಉಪ್ಪ ಕೆಳಗಿನಿಂದ ಕೂಗುತ್ತಿದ್ದರು: "ಜನ ಹಾಕಿ!" ಬೇಲಿ ಬದಿಯಲ್ಲಿ ಜೀಪಿಗೆ ಕಾದು ಕೂತವರೆಲ್ಲ ಎದ್ದು ಬಂದು ಹತ್ತುತ್ತಿದ್ದರು. ಹದಿನಾಲ್ಕು ಜನ, ಎರಡು ಗೋಣಿ, ಕೆಲವೊಮ್ಮೆ ಒಂದು ಕೋಳಿ. ಎಲ್ಲರೂ ಅಲುಗಾಡದೆ ಕೂರಬೇಕು. ಉಪ್ಪ ಬಿಗಿಯುತ್ತಿದ್ದರು. ಹತ್ತು ನಿಮಿಷ ಬಿಟ್ಟು ಅದೇ ಜೀಪು ಅದೇ ಜನರನ್ನು ಹೊತ್ತು ವೇಣೂರಿಗೆ ಹೊರಡುತ್ತಿತ್ತು. ನಾನು ಅದನ್ನು ಆಟವೆಂದುಕೊಂಡಿದ್ದೆ. ಮುಂದೆ ಡಿಪ್ಲೊಮಾ ಓದುವಾಗ ಹಾಸ್ಟೆಲಿನ ಹುಡುಗರಿಗೆ ಹೇಳಿ ನಗಿಸಿಯೂ ಇದ್ದೆ.

ಲಿಫ್ಟ್ ತಂದ ವರ್ಷ ಮೂರು ಟೆಂಪೊ ಮಣ್ಣು ಹಾಕಿ ಆ ಗುಂಡಿ ಮುಚ್ಚಿಸಿದೆ. ಉಪ್ಪ ಬೇಡವೆನ್ನಲಿಲ್ಲ. ಮಣ್ಣು ಬೀಳುವಾಗ ನಿಂತು ನೋಡಿದರು, ಸಂಜೆಯ ಅಸರ್ ನಮಾಜಿನ ಹೊತ್ತಾಯಿತೆಂದು ಹೋದರು.

"ಪದ್ಮಯ್ಯಣ್ಣನ ಗುಂಡಿ ಇನ್ನೂ ಉಂಟು," ಎಂದರು ಈಗ.

ಪದ್ಮಯ್ಯ ವೇಣೂರಿನ ಹಳೆಯ ಜೀಪು ಮಾಲೀಕರು. ಹಾಸ್ಟೆಲಿನಿಂದ ಶನಿವಾರಗಳಂದು ನಾನು ಮನೆಗೆ ಬರುತ್ತಿದ್ದದ್ದು ಅವರ ಜೀಪಿನ ಹಿಂದೆ ನೇತಾಡಿಕೊಂಡು. ಭಾನುವಾರ ಮಧ್ಯಾಹ್ನ ವ್ಯಾನು ಅವರ ಶೆಡ್ಡಿಗೆ ಹೋಯಿತು. ಶಂಕರಿಯಕ್ಕ ಓಡಿಸಿದರು, ಉಪ್ಪ ಮುಂದೆ, ನಾನು ಹಿಂದೆ. ಗುಂಡಿಯ ಮೇಲೆ ಹಲಗೆ ಹಾಸಿ ತೆಂಗಿನಕಾಯಿ ರಾಶಿ ಹಾಕಿದ್ದರು. ರಾಶಿ ಸರಿಸಲು ಅರ್ಧ ಗಂಟೆ ಹಿಡಿಯಿತು. ಹಲಗೆ ತೆಗೆದಾಗ ಅದೇ ವಾಸನೆ ಬಂತು. ಜೀಪು ಮಾರಿ ಹನ್ನೊಂದು ವರ್ಷವಾಗಿತ್ತು, ಆಯಿಲು ಕಲ್ಲಿನಿಂದ ಹೋಗಿರಲಿಲ್ಲ.

"ಎಷ್ಟು ಜನ ಬೇಕು ಶುಕೂರಾಕ?" ಎಂದು ಪದ್ಮಯ್ಯ ಕೇಳಿದರು, ನಿನ್ನೆಯಷ್ಟೇ ಕೇಳಿದವರಂತೆ.

"ಹನ್ನೊಂದು ಮಕ್ಕಳು. ಐದು ದೊಡ್ಡವರು ಸಾಕು."

"ಆರು," ಎಂದರು ಶಂಕರಿಯಕ್ಕ. "ಈಗಿನ ಮಕ್ಕಳ ಚೀಲ ನೀವು ಎತ್ತಿ ನೋಡಿಲ್ಲ."

ಎದುರಿನ ಅಂಗಡಿಯ ಜಗಲಿಯಿಂದ ನಾಲ್ವರು ಬಂದರು. ಎಲ್ಲ ಅರುವತ್ತು ದಾಟಿದವರು, ಎಲ್ಲ ಹಿಂದೆ ಆ ಜೀಪಿನಲ್ಲಿ ಹೋದವರು. ಪದ್ಮಯ್ಯ ಐದನೆಯವರು, ಶಂಕರಿಯಕ್ಕ ಆರನೆಯವರು. ಉಪ್ಪ ಗುಂಡಿಗೆ ಇಳಿಯಲು ಲುಂಗಿ ಎತ್ತಿ ಕಟ್ಟಿದರು. ಮೊದಲ ಮೆಟ್ಟಿಲಿಗೆ ಕಾಲಿಟ್ಟು ಸ್ವಲ್ಪ ಹೊತ್ತು ನಿಂತರು. ಕಾಲು ಹಿಂದೆ ತೆಗೆದರು.

"ನೀನೇ ಇಳಿ."

ನಾನು ಇಳಿದೆ. ಮೇಲೆ ವ್ಯಾನಿನ ಹೊಟ್ಟೆ, ಬ್ಯಾಟರಿಯ ದೊಡ್ಡ ಪೆಟ್ಟಿಗೆ, ಕಿತ್ತಳೆ ಬಣ್ಣದ ವಯರು.

"ಅದು ಶಾಕ್ ಹೊಡೀತದಾ?" ಉಪ್ಪ ಅಂಚಿನಲ್ಲಿ ಕುರ್ಚಿ ಹಾಕಿ ಕೂತು ಕೇಳಿದರು.

"ಸ್ವಿಚ್ಚು ತೆಗೆದಿದ್ದೇನೆ. ಮತ್ತೆ ನಾನು ಅದರ ಹತ್ತಿರ ಹೋಗುವುದಿಲ್ಲ."

ವ್ಯಾನಿನೊಳಗಿಂದ ಮಾತು ಕೇಳಿಸುತ್ತಿತ್ತು.

"ಇದರಲ್ಲಿ ಗೇರು ಎಲ್ಲುಂಟು?"

"ಗೇರು ಇಲ್ಲ ಮಾರಾಯ."

"ಅಯ್ಯೋ! ಹಾಗಾದ್ರೆ ನಡುವೆ ಕೂತವನಿಗೆ ಕಾಲಿಡ್ಲಿಕ್ಕೆ ಜಾಗ ಉಂಟು. ನಾನು ಇಪ್ಪತ್ತು ವರ್ಷ ಆ ಗೇರಿನ ಕೋಲಿಗೆ ಮೊಣಕಾಲು ಕೊಟ್ಟಿದ್ದೇನೆ."

"ಡ್ರೈವರಿನ ಬಲಗಡೆಗೂ ಒಬ್ಬ ಕೂತುಕೊಳ್ಳಲಿ. ಇಲ್ಲದಿದ್ರೆ ಜೀಪು ಅಂತ ಆಗುವುದಿಲ್ಲ."

"ಬನ್ನಿ, ಕೂತುಕೊಳ್ಳಿ," ಶಂಕರಿಯಕ್ಕನ ಸ್ವರ. "ನಾನು ಮೊದಲೇ ಎತ್ತಿಹಾಕಿ ಓಡಿಸುವವಳು, ಹೊರಗೆ ಬಿದ್ರೆ ನನ್ನನ್ನು ಕೇಳ್ಬೇಡಿ."

ಎಲ್ಲರೂ ನಕ್ಕರು. ಗುಂಡಿಯಲ್ಲಿ ನನಗೆ ನಗಲಾಗಲಿಲ್ಲ.

"ಅಲುಗಾಡ್ಬೇಡಿ," ಎಂದರು ಉಪ್ಪ. ಒಳಗೆ ಮಾತು ನಿಂತಿತು. "ಈಗ ಸಡಿಲಿಸು."

ಬೋಲ್ಟು ಸಡಿಲಿಸಿದೆ. ಕಾಲು ಸುತ್ತು ತಿರುಗಿಸುವಷ್ಟರಲ್ಲಿ ಬುಷ್ ಒಳಗೆ ಕಟ್ಟೆಂದು ಹೊರಳಿತು. ತಿರುಚಿಕೊಂಡಿದ್ದ ರಬ್ಬರು ಬಿಟ್ಟುಕೊಂಡದ್ದು ಸ್ಪ್ಯಾನರಿನ ಮೂಲಕ ನನ್ನ ಅಂಗೈಗೆ ಬಂತು. ಒಂದೇ ದಿನದಲ್ಲಿ ಅಷ್ಟು ತಿರುಚಿತ್ತು. ಹಿಂದಿನ ಎರಡೂ ಹೀಗೇ ಹೋಗಿದ್ದವು. ಯಾವ ಹಂಪೂ ಕಾರಣವಲ್ಲ.

"ಕೇಳಿತಾ?" ಎಂದರು ಉಪ್ಪ.

"ಕೇಳಿತು."

"ಬಿಗಿ."

ಬಿಗಿದೆ. ಮೇಲೆ ಹಳಬರು ಉಸಿರು ಬಿಗಿಹಿಡಿದು ಕೂತಿದ್ದರು, ಹಾಗೆ ಯಾರೂ ಹೇಳಿರಲಿಲ್ಲ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಟಿಕ್ ಎಂದ ಮೇಲೂ ನಾನು ತಕ್ಷಣ ಮೇಲೆ ಬರಲಿಲ್ಲ. ಗೋಡೆಯಲ್ಲಿ ಸ್ಪ್ಯಾನರ್ ಇಡಲು ಕಡಿದ ಸಣ್ಣ ಗೂಡಿತ್ತು, ನಮ್ಮ ಗುಂಡಿಯಲ್ಲಿ ಇದ್ದಂಥದ್ದೇ. ನಮ್ಮದರಲ್ಲಿ ಉಪ್ಪ ಬೀಡಿ ಅಡಗಿಸಿಡುತ್ತಿದ್ದರು. ಮುಚ್ಚುವ ದಿನ ಅದರಲ್ಲಿ ಏನಿತ್ತು ಎಂದು ನಾನು ನೋಡಿರಲಿಲ್ಲ. ಟೆಂಪೊದವನಿಗೆ ಅವಸರವಿತ್ತು, ನನಗೂ ಇತ್ತು.

ಮೇಲೆ ಬಂದು ಶಂಕರಿಯಕ್ಕನಿಗೆ ಹೇಳಿದೆ. "ಅಕ್ಕ, ಮೂರು ಸಲವೂ ಬಿಗಿದದ್ದರಲ್ಲಿ ನನ್ನದೇ ತಪ್ಪು. ನಿಮ್ಮ ಓಡಿಸುವುದರಲ್ಲಿ ಏನೂ ಇರಲಿಲ್ಲ."

"ಅದು ನನಗೆ ಗೊತ್ತುಂಟು," ಎಂದರು ಅವರು. "ನನ್ನ ಹತ್ತಿರ ಹೇಳಿ ಏನು ಪ್ರಯೋಜನ? ನಾಳೆ ಏಳೂಕಾಲಿಗೆ ಮಕ್ಕಳು ಹತ್ತುವಲ್ಲಿಗೆ ಬನ್ನಿ. ಅಲ್ಲಿ ಹೇಳಿ."

ಸೋಮವಾರ ವೇಣೂರಿಗೆ ಹೋದೆ. ವ್ಯಾನು ಮೇಲಿನ ತಿರುವಿನಿಂದ ಹಂಪು ದಾಟಿ ಬಂತು, ಟೈರು ಜಲ್ಲಿ ಒತ್ತಿದ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಐದಾರು ತಾಯಂದಿರಿದ್ದರು. ರಾತ್ರಿ ಎರಡು ವಾಕ್ಯ ಜೋಡಿಸಿಕೊಂಡಿದ್ದೆ, ಅಲ್ಲಿ ಒಂದೇ ಬಂತು: "ಗಾಡಿ ಹಾಳಾದದ್ದು ನನ್ನ ಕೆಲಸದಿಂದ, ಅಕ್ಕನಿಂದ ಅಲ್ಲ."

ಸಬೀಹಾ ಮಗಳ ಚೀಲ ಹಿಡಿದು ನಿಂತಿದ್ದರು. "ಹಾಗಾದ್ರೆ ಇಷ್ಟು ದಿನ ನಾವು ಅವರಿಗೆ ಹೇಳಿದ್ದೆಲ್ಲ?"

"ನನಗೆ ಹೇಳ್ಬೇಕಿತ್ತು."

"ನಿಮಗೆ ನಾಚಿಕೆ ಉಂಟಾ? ಮಕ್ಕಳು ಹೋಗುವ ಗಾಡಿ ಅದು!"

ಒಂಬತ್ತು ಮಕ್ಕಳು ಹತ್ತಿದರು. ಇಬ್ಬರನ್ನು ಅವರ ಮನೆಯವರು ಆಗಲೇ ಬಸ್ಸಿಗೆ ಹತ್ತಿಸಿದ್ದರು. ಶಂಕರಿಯಕ್ಕ ಬಾಗಿಲು ಎಳೆದು ಹಾಕಿ, ಕನ್ನಡಿ ಸರಿಮಾಡಿಕೊಂಡು ಮೂಡುಬಿದಿರೆ ಕಡೆ ಹೊರಟರು. ಸಬೀಹಾ ಬೈಯುವುದು ಮುಗಿಸಿರಲಿಲ್ಲ. ನಾನು ಮರಳಬೇಕಾದ ಗುರುವಾಯನಕೆರೆಯ ಬಸ್ಸು ಬಂದು ನಿಂತಿತು, ಹೋಯಿತು. ನಾನು ಹತ್ತಲಿಲ್ಲ, ನಿಂತು ಕೇಳಿದೆ.