ಎಡಗಡೆಯ ಸೀಟು

ಹೊಸ ಟೈರು ಹಾಕಿಸಿದ ಮೇಲೆ ಬೊನಿಫಾಸನ ಕಾರು ಬಲಕ್ಕೆ ಎಳೆಯತೊಡಗಿತು. ಅದೂ ಅವನು ಒಬ್ಬನೇ ಕೂತು ಓಡಿಸುವಾಗ ಮಾತ್ರ. ಬಲಕ್ಕೆ ಅಂದರೆ ಎದುರಿನಿಂದ ಬರುವ ಲಾರಿ, ಬಸ್ಸುಗಳ ಬಾಯಿಗೆ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡರೆ ಸಾಕು, ಪಾದ್ರಿಯ ಮುಂದೆ ನಿಂತ ಮದುಮಗಳಂತೆ ತೆಪ್ಪಗೆ ನೇರ ಹೋಗುತ್ತಿತ್ತು.

ಪಕ್ಕದ ಆ ಸೀಟು ಅವನ ಹೆಂಡತಿ ಕ್ಲೆಮೆಂತಿನಳದು. ಕಾರು ಕೊಂಡಂದಿನಿಂದ ಅವಳು ಅದರಲ್ಲಿ ಕೂತೇ ತಮ್ಮೂರು ಕುಡ್ತರಿಯಿಂದ ಮಡಗಾಂವಿನ ಮಾರ್ಕೆಟ್ಟಿಗೆ ಶೋರೀಸ್ ಮಾರಲು ಹೋಗುತ್ತಿದ್ದಳು. ದಪ್ಪ ಹೆಂಗಸು, ಮಂಡಿನೋವು ಬೇರೆ. ಒಮ್ಮೆ ಕೂತಳೆಂದರೆ ಮಾರ್ಕೆಟ್ಟು ಬರುವ ತನಕ ಇಳಿಯುವ ಮಾತಿಲ್ಲ. ಮೆಣಸು, ವಿನೆಗರ್ ಹಾಕಿ ಒಣಗಿಸಿದ ಆ ಹಂದಿಮಾಂಸದ ಸರಗಳ ವಾಸನೆ ಸೀಟಿಗೇ ಹಿಡಿದುಬಿಟ್ಟಿತ್ತು. ಅವಳನ್ನು ಮಣ್ಣು ಮಾಡಿ ಒಂದು ಮಳೆಗಾಲ ಕಳೆದಿತ್ತು. ವಾಸನೆ ಹೋಗಿರಲಿಲ್ಲ.

ಹಳೆಯ ಟೈರುಗಳ ಬಗ್ಗೆ ಅವಳು ಸಾಯುವ ಮೊದಲು ಹೇಳದ ದಿನವಿಲ್ಲ. "ನಿನ್ನ ತಲೆಯ ಹಾಗೇ ಆಗಿದೆ ನೋಡು ಅದು, ನುಣ್ಣಗೆ. ಹೊಸದು ಹಾಕಿಸು ಮಾರಾಯ," ಎನ್ನುವಳು. "ಇಗರ್ಜಿ ಹಬ್ಬ ಮುಗೀಲಿ," ಎನ್ನುವನು ಇವನು. ಹಬ್ಬ ಮುಗಿಯಿತು, ಮತ್ತೊಂದು ಹಬ್ಬ ಬಂತು. ಒಂದು ಮಧ್ಯಾಹ್ನ ಗಂಜಿ ಉಣ್ಣುತ್ತಿದ್ದವಳು ಎದೆ ಹಿಡಿದುಕೊಂಡಳು. ಆಸ್ಪತ್ರೆಗೆ ಕರೆದೊಯ್ಯುವಾಗ ಕೆರೆ ಏರಿಯ ಮೇಲೆ ಎಡಗಡೆಯ ಮುಂದಿನ ಟೈರು ಒಡೆಯಿತು.

ಅವನು ಜಾಕಿ ಕೊಟ್ಟು ಸ್ಟೆಪ್ನಿ ಹಾಕುತ್ತಿದ್ದ. ತಲೆಯ ಮೇಲಿನ ಕಿಟಕಿಯಿಂದ ಅವಳ ದನಿ ಬಂತು. "ಬೋಲ್ಟು ಸರೀ ಬಿಗಿ ಮಾಡು."

"ಸುಮ್ನಿರೇ ಸ್ವಲ್ಪ," ಎಂದು ಗದರಿದ ಬೊನಿಫಾಸ್.

ಜನ್ಮದಲ್ಲಿ ಮೊದಲ ಸಲ ಅವಳು ಅವನ ಮಾತು ಕೇಳಿದಳು. ಅವನು ಎದ್ದು ನಿಂತು ಕೈ ಒರೆಸಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳು ಸತ್ತು ತಿಂಗಳಾದಾಗಿನ ಪೂಜೆ ಇಗರ್ಜಿಯಲ್ಲಿ ಮುಗಿಸಿ ಬೊನಿಫಾಸ್ ನಾಲ್ಕೂ ಟೈರು ಹೊಸದು ತಂದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಅಂದರೆ ಇದೇ. ಚಾಂದೋರಿನಲ್ಲಿ ಗ್ಯಾರೇಜು ಇಟ್ಟಿರುವ, ವರಸೆಯಲ್ಲಿ ಅವಳಿಗೆ ತಮ್ಮನಾಗಬೇಕಾದ ರುಜಾರನ ಹತ್ತಿರ ಕಾರು ಬಿಟ್ಟ. ಹಳೆಯ ಟೈರು ಕಳಚುವುದನ್ನು ನೋಡಲಾರದೆ ಇಗರ್ಜಿಗೆ ಹೋಗಿ ಕೂತ. ರುಜಾರನೇ ಟೈರು ಹಾಕಿ, ಚಕ್ರಗಳು ನೇರ ಓಡುವಂತೆ ಅಲೈನ್‌ಮೆಂಟ್ ಮಾಡಿ ಇಟ್ಟಿದ್ದ.

ಅಂದೇ ವಾಪಸು ಬರುವಾಗ ಸ್ಟೇರಿಂಗು ಬಲಕ್ಕೆ ಜಗ್ಗಿತು. ಪಕ್ಕದಲ್ಲಿ ಕೂತವರು ಕೈಚಾಚಿ ತಳ್ಳಿದರೆ ಹೇಗೋ ಹಾಗೆ.

ಮರುದಿನ ರುಜಾರನಿಗೆ ಹೇಳಿದ. ರುಜಾರ್ ತಾನೇ ಸ್ಟೇರಿಂಗು ಹಿಡಿದು, ಇವನನ್ನು ಪಕ್ಕಕ್ಕೆ ಕೂರಿಸಿಕೊಂಡು ರೈಲ್ವೆ ಗೇಟಿನ ತನಕ ಓಡಿಸಿದ. ಕೈಬಿಟ್ಟರೂ ಕಾರು ಗೆರೆ ಎಳೆದ ಹಾಗೆ ಹೋಯಿತು.

"ಬಾವಾ, ಟೈರು ಸರಿ ಉಂಟು. ಜಗ್ಗೋದು ಫೆಣಿ ಇರಬೇಕು ನೋಡು."

"ನಾನು ಕುಡಿಯೋದು ಬಿಟ್ಟೆ."

"ಹಾಗಾದ್ರೆ ಅದಕ್ಕೇ," ಎಂದು ನಕ್ಕ ರುಜಾರ್.

ಬೊನಿಫಾಸನಿಗೆ ನಗು ಬರಲಿಲ್ಲ. ಬೇರೆಯವರು ಕೂತರೆ ಸುಮ್ಮನಿರುತ್ತದೆ, ಸೀಟು ಖಾಲಿಯಾದ ಕೂಡಲೇ ಜಗ್ಗುತ್ತದೆ ಎಂದರೆ ಏನರ್ಥ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಿಗೆ ಅರ್ಥ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಟೈರು ಹಾಕಿಸದೆ ಕೊಂದವನನ್ನು ಅವಳು ಟೈರಿನಿಂದಲೇ ಕರೆದೊಯ್ಯುತ್ತಿದ್ದಾಳೆ. ಅವಳ ಆತ್ಮಕ್ಕೆ ಪೂಜೆ ಕೊಟ್ಟ. ಸೀಟಿಗೆ ತೀರ್ಥ ಚಿಮುಕಿಸಿದ. ಬಿಸಿಲು ಏರಿದಂತೆ ಕಾರಿನೊಳಗೆ ಮೆಣಸು, ವಿನೆಗರಿನ ವಾಸನೆ ಮತ್ತೆ ಎದ್ದು ಬಂತು.

ಭಯಕ್ಕಿಂತ ಕೆಟ್ಟದ್ದು ಆಮೇಲೆ ಶುರುವಾಯಿತು. ಅವನಿಗೆ ಆ ಜಗ್ಗಾಟ ರೂಢಿಯಾಯಿತು. ಮನೆಯಲ್ಲಿ ಮಾತಾಡುವವರಿಲ್ಲ, ಕಾರಿನಲ್ಲಾದರೂ ಯಾರೋ ಇದ್ದಾರೆ, ಸಿಟ್ಟಿನಲ್ಲಿದ್ದರೂ ಇದ್ದಾರೆ. ಕೆಲಸವಿಲ್ಲದಿದ್ದರೂ ಕಾರು ಹೊರಗೆ ತೆಗೆಯುವನು. ಕೆರೆ ಏರಿ ಬಂದಾಗ ಸ್ಟೇರಿಂಗಿನ ಹಿಡಿತ ದಿನದಿಂದ ದಿನಕ್ಕೆ ಸಡಿಲ ಬಿಡುವನು. ಅವಳು ಕರೆದರೆ ಹೋಗುವುದು ನ್ಯಾಯವೇ ಎಂದು ಅವನಿಗೆ ಅನ್ನಿಸತೊಡಗಿತ್ತು.

ಒಂದು ಬೆಳಿಗ್ಗೆ ಏರಿಯ ಮೇಲೆ ಪೂರ್ತಿ ಕೈಬಿಟ್ಟ. ಕಾರು ಮೆಲ್ಲಗೆ ಬಲಕ್ಕೆ ಸರಿಯಿತು. ಎದುರಿಗೆ ಮಡಗಾಂವಿನ ಬಸ್ಸು. ಬಸ್ಸಿನವನು ಹಾರ್ನು ಒತ್ತಿ ಹಿಡಿದ. ಬೊನಿಫಾಸನ ಮನಸ್ಸು ಹೂಂ ಎಂದಿತ್ತು, ಕೈ ಕೇಳಲಿಲ್ಲ. ತಾನಾಗಿ ಸ್ಟೇರಿಂಗು ಹಿಡಿದು ಎಡಕ್ಕೆ ತಿರುಗಿಸಿತು. ಬಸ್ಸು ಅವನ ಕನ್ನಡಿಯನ್ನು ಮುರಿದುಕೊಂಡು, ಅವನ ಅಪ್ಪ ಅಮ್ಮನನ್ನೆಲ್ಲ ಬೈದುಕೊಂಡು ಹೋಯಿತು.

ಅದೇ ಕಾರಿನಲ್ಲಿ ರುಜಾರನ ಗ್ಯಾರೇಜಿಗೆ ಬಂದು ನಿಂತ.

"ಏನಾಯ್ತು ಬಾವಾ? ಕನ್ನಡಿ ಎಲ್ಲಿ?"

"ಅವಳು ಬಿಡ್ತಿಲ್ಲ ರುಜಾರ್. ನಾನು ಒಬ್ಬನೇ ಇದ್ದಾಗ ಜಗ್ತಾಳೆ. ನಿನ್ನ ಮುಂದೆ ಮಾಡಲ್ಲ, ಯಾರ ಮುಂದೇನೂ ಮಾಡಲ್ಲ."

ನಗಬೇಕೆಂದಿದ್ದ ರುಜಾರ್ ಬಾಯಿ ಮುಚ್ಚಿದ. ಕಾರಿನ ಎಡಗಡೆಯ ಸೀಟು ನೋಡಿದ. ಆಮೇಲೆ ಗ್ಯಾರೇಜಿನ ಮೂಲೆ ನೋಡಿದ. ಅಲ್ಲಿ ಎರಡು ಮರಳಿನ ಚೀಲಗಳಿದ್ದವು.

"ಒಬ್ಬನೇ ಇದ್ದಾಗ," ಎಂದ ಮೆಲ್ಲಗೆ. "ಬಾವಾ, ಇಲ್ಲಿ ಕೂತ್ಕೋ. ಒಂದು ಮಾತು ಹೇಳ್ತೇನೆ, ಹೊಡೀಬೇಡ."

ಬೊನಿಫಾಸ್ ಕೂರಲಿಲ್ಲ.

"ಅಕ್ಕ ಯಾವತ್ತು ಇಲ್ಲಿ ಇಳಿದಿದ್ದು ಹೇಳು? ನನ್ನ ಮಂಡಿ ನಿನ್ನಪ್ಪ ಬಂದು ಎತ್ತುತ್ತಾನಾ ಅಂತಿದ್ದಳು. ಅವಳನ್ನ ಕೂರಿಸಿಯೇ ನಾನು ಅಲೈನ್‌ಮೆಂಟ್ ಮಾಡ್ತಿದ್ದೆ. ಅವಳಿಲ್ಲದೆ ಈ ಕಾರು ಎಲ್ಲಿ ಓಡ್ತಿತ್ತು? ನೀನೊಬ್ಬನೇ ಬಂದು ಕಾರು ಬಿಟ್ಟು ಹೋದ ದಿನ ಆ ಚೀಲ ಸೀಟಿನ ಮೇಲೆ ಇಡ್ತಿದ್ದೆ, ಅವಳ ತೂಕಕ್ಕೆ." ಮೂಲೆಯ ಚೀಲಗಳನ್ನು ತೋರಿಸಿದ. "ಹೊಸ ಟೈರು ಹಾಕಿದ ದಿನವೂ ಇಟ್ಟೆ. ಕೈ ರೂಢಿ. ಅವಳ ತಿಂಗಳ ಪೂಜೆಯಲ್ಲಿ ನಿನ್ನ ಪಕ್ಕದಲ್ಲೇ ಕೂತಿದ್ದವನು, ಚೀಲ ತೆಗೆಯುವಾಗಲೂ ನನಗೆ ಹೊಳೀಲಿಲ್ಲ. ಆ ತೂಕ ಇದ್ರೆ ಕಾರು ನೇರ. ಇಲ್ದಿದ್ರೆ ಎಡಗಡೆ ಏಳ್ತದೆ, ಬಲಕ್ಕೆ ಹೋಗ್ತದೆ."

ಬೊನಿಫಾಸ್ ಆ ಚೀಲಗಳನ್ನು ನೋಡಿದ. ಹಾಗಾದರೆ ಅವಳು ಜಗ್ಗಿರಲಿಲ್ಲ. ಅವಳು ಇಲ್ಲದ್ದೇ ಜಗ್ಗಿತ್ತು. ಅವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಳು ಬಂತು, ಅತ್ತ.

"ಖಾಲಿ ಸೀಟಿಗೆ ಸರಿಮಾಡಲಾ?" ಎಂದು ಕೇಳಿದ ರುಜಾರ್. "ಬೇಡ ಅಂದ್ರೆ ಚೀಲ ತಗೊಂಡು ಹೋಗು."

ಈ ಸಲ ರುಜಾರ್ ತಮಾಷೆ ಮಾಡುತ್ತಿರಲಿಲ್ಲ. ಬೊನಿಫಾಸ್ ಚೀಲ ಎತ್ತಿ ನೋಡಿದ. ಭಾರವಾಗಿತ್ತು. ಕೆಳಗಿಟ್ಟ.

"ಸರಿಮಾಡು," ಎಂದ.

ವಾಪಸು ಬರುವಾಗ ಕೆರೆ ಏರಿಯ ಮೇಲೆ ಬೇರೆ ಗಾಡಿ ಇರಲಿಲ್ಲ. ಬೊನಿಫಾಸ್ ಸ್ಟೇರಿಂಗಿನಿಂದ ಕೈ ತೆಗೆದ. ಕಾರು ಕೂದಲೆಳೆಯಷ್ಟೂ ಸರಿಯದೆ ನೇರ ಹೋಯಿತು. ಟೈರು ಒಡೆದಿದ್ದ ಜಾಗ ಬಂದಾಗ ನಿಲ್ಲಿಸಿ, ಹಿಂದಿನಿಂದ ಪಾನಾ ತಂದು, ಎಡಗಡೆಯ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಬೋಲ್ಟುಗಳನ್ನು ಒಂದೊಂದಾಗಿ ಬಿಗಿಮಾಡಿ ನೋಡಿದ. ತನ್ನನ್ನು ಬಸ್ಸಿನ ಕೆಳಗೆ ತಳ್ಳುವವಳಾಗಿದ್ದರೆ ಸಾಯುವ ಹೊತ್ತಿನಲ್ಲಿ ಬೋಲ್ಟು ಬಿಗಿ ಮಾಡು ಎನ್ನುತ್ತಿರಲಿಲ್ಲ ಎಂದು ಅವನಿಗೆ ಈಗ ಹೊಳೆಯಿತು.

"ಬಿಗಿ ಮಾಡ್ದೆ," ಎಂದ, ತಲೆಯ ಮೇಲಿನ ಕಿಟಕಿಗೆ. "ಈಗ ಮಾತಾಡು."

ಸ್ವಲ್ಪ ಹೊತ್ತು ಹಾಗೆಯೇ ಕಾದ. ಆಮೇಲೆ ಪಾನಾ ಒಳಗಿಟ್ಟು, ಕಾರು ಹತ್ತಿ, ಒಬ್ಬನೇ ಮನೆಗೆ ಹೋದ.