ಸೂಜಿ ಹೊಕ್ಕ ಬೆರಳು

ನಮ್ಮ ದೊಡ್ಡಮ್ಮನಿಗೆ ಓಣಿಯವರು ಇಟ್ಟ ಹೆಸರು ಮೈಕು. ಟೈಲರ್ ಅಂಗಡಿಯಲ್ಲಿ ಕೂತು ಅವಳು ಗುಂಡಿ ಎಲ್ಲಿ ಅಂತ ಕೇಳಿದರೆ ಎದುರು ಸಾಲಿನವರೂ ಹುಡುಕಲು ಶುರುಮಾಡುತ್ತಾರೆ. ಅಂಥವಳು ಒಂದೇ ಒಂದು ಸಲ ಸದ್ದಿಲ್ಲದೆ ಕೂತಿದ್ದಳು, ಮೆಷಿನ್ನಿನ ಸೂಜಿ ತೋರುಬೆರಳಿನ ಉಗುರನ್ನೇ ತೂರಿಕೊಂಡು ಹೋದಾಗ. ಪಕ್ಕದಲ್ಲೇ ಕಾಜಾ ಹಾಕುತ್ತಿದ್ದ ಅಮ್ಮನಿಗೆ ಬಿಳಿ ಬಟ್ಟೆ ಕೆಂಪಾಗುವವರೆಗೂ ಗೊತ್ತಾಗಲಿಲ್ಲ. "ಅವತ್ತು ಮೈಕಿಗೆ ಕರೆಂಟ್ ಹೋಗಿತ್ತು" ಅಂತ ಅಮ್ಮ ಇವತ್ತಿಗೂ ನೆಂಟರನ್ನೆಲ್ಲ ನಗಿಸುತ್ತಾಳೆ.

ನಾನು ಇಬ್ಬರಿಗೂ ವಿಷಯ ಹೇಳಿದ್ದು ಅದೇ ಅಂಗಡಿಯಲ್ಲಿ, ಮಧ್ಯಾಹ್ನ ಶಟರ್ ಅರ್ಧ ಎಳೆದಿದ್ದಾಗ. ಭಾವನ ಗೆಳೆಯ ಮನೆಗೆ ಬಿಡ್ತೀನಿ ಅಂತ ಕಾರು ಹತ್ತಿಸಿಕೊಂಡು, ದಾರಿಯಲ್ಲಿ ನಿಲ್ಲಿಸಿ, ನನ್ನ ಮೇಲೆ ಬಲಾತ್ಕಾರ ಮಾಡಿದ್ದ. ಬೇಡ ಅಂದಿದ್ದೆ. ಆಮೇಲೆ ಕೈಕಾಲು ನನ್ನ ಮಾತು ಕೇಳಲಿಲ್ಲ, ಗಂಟಲೂ ಕೇಳಲಿಲ್ಲ. ಹೇಳಲು ಬಾಯಿ ಬರುವಷ್ಟರಲ್ಲಿ ವಾರಗಳು ಉರುಳಿದ್ದವು. ದೂರು ಕೊಡಬೇಕು ಅಂತಿದ್ದೆ. ಅಮ್ಮ ಜೊತೆಗೆ ಬರದಿದ್ದರೆ ಅದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

"ಅವನಾ?" ಅಂದಳು ಅಮ್ಮ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಯಾವನೋ ಕಳ್ಳನಾಗಿದ್ದರೆ ಆ ಕ್ಷಣವೇ ನಂಬುತ್ತಿದ್ದಳೇನೋ. ಇವನಿಗೆ ಎಷ್ಟೋ ಸಲ ಕೈಯಾರೆ ಬಡಿಸಿದ್ದಳು. "ಅವತ್ತು ಆ ತೋಳಿಲ್ಲದ ಡ್ರೆಸ್ ಹಾಕ್ಕೊಂಡಿದ್ದೆ ಅಲ್ವಾ?"

ದೊಡ್ಡಮ್ಮ ಕತ್ತರಿ ಕುಕ್ಕಿದಳು. "ತೋಳು ಇಡದೆ ಹೊಲಿದವಳು ನಾನು. ತಪ್ಪು ತೋಳಿಂದಾದ್ರೆ ನನ್ನನ್ನ ಜೈಲಿಗೆ ಹಾಕ್ಸು. ನಡಿ, ಈಗ್ಲೇ ಬರ್ತೀನಿ!"

ಅಂಥ ಹೊತ್ತಲ್ಲೂ ನನಗೆ ನಗು ಬಂತು. ಅಮ್ಮನಿಗೆ ಬರಲಿಲ್ಲ.

"ಜನ ಕೇಳ್ತಾರಲ್ಲಕ್ಕಾ. ಒಂದು ಸಲ ಕಿರುಚಬಾರದಿತ್ತಾ ಇವಳು?"

ಜನ ಏನಾದರೂ ಕೇಳಿಕೊಳ್ಳಲಿ, ಅಮ್ಮ ಕೇಳಬಾರದಿತ್ತು.

ದೊಡ್ಡಮ್ಮ ಈಗ ಚೆನ್ನಾಗಿ ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ಎದ್ದು ನನ್ನ ಹತ್ತಿರ ಬಂದು, "ಕೈ ಹಿಡ್ಕೊಳ್ಲಾ, ಪುಟ್ಟಿ?" ಅಂತ ಕೇಳಿದಳು. ಅಳತೆಗೆ ಬಂದ ಮಕ್ಕಳಿಗೂ ಕೇಳದೆ ಟೇಪು ಸುತ್ತುವವಳಲ್ಲ ಅವಳು. ನಾನು ಹೂಂ ಅಂದೆ. ಒಂದು ಕೈಯಲ್ಲಿ ನನ್ನ ಕೈ ಹಿಡಿದು, ಇನ್ನೊಂದರ ಸೊಟ್ಟ ಉಗುರನ್ನು ತಂಗಿಯ ಮುಖದೆದುರು ಚಾಚಿದಳು.

"ನಾನು ಅವತ್ತು ಕಿರುಚಿದ್ನೇನೇ?" ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನೋವಾಗ್ಲಿಲ್ಲ ಅಂದ್ಕೊಂಡ್ಯಾ? ಬೇಕು ಅಂತಾನೇ ಬೆರಳು ಕೊಟ್ಟೆ ಅಂದ್ಕೊಂಡ್ಯಾ?"

ಅಮ್ಮ ಬಹಳ ಹೊತ್ತು ಆ ಉಗುರನ್ನೇ ನೋಡಿದಳು. ಆಮೇಲೆ ಎದ್ದು, ತನ್ನದೊಂದು, ದೊಡ್ಡಮ್ಮನದೊಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ನಾವು ಹಿಂದೆ ಓಡಿದೆವು.

ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದ ಮೇಡಂ ಕೆಟ್ಟವರೇನಲ್ಲ. ತಲೆ ಎತ್ತದೆಯೇ ಕೇಳಿದರು: "ಕಿರುಚಿಕೊಂಡ್ರಾ?"

ನಾನು ಅಮ್ಮನ ಕಡೆ ನೋಡಿದೆ. ದೊಡ್ಡಮ್ಮ ಬಾಯಿ ತೆರೆದಳು. ಅಮ್ಮ ಅವಳ ಮೊಣಕೈ ಹಿಡಿದು ತಡೆದಳು. ಬಿಡಿ, ಮನೆಗೆ ಹೋಗೋಣ ಅನ್ನುತ್ತಾಳೆ ಅಂತ ನಾನು ಹೆದರಿದೆ.

"ಇಲ್ಲ ಮೇಡಂ. ಕಿರುಚೋಕೆ ಆಗ್ಲಿಲ್ಲ ನನ್ನ ಮಗಳಿಗೆ," ಅಂದಳು ಅಮ್ಮ, ಇಡೀ ಠಾಣೆಗೆ ಕೇಳುವ ಹಾಗೆ. "ಅಕ್ಕಾ, ಬೆರಳು ತೋರಿಸು ಇವರಿಗೆ."